ಉತ್ತರ ಬರಲು ಎಷ್ಟು ಹೊತ್ತು?

ವೈಜ್ಞಾನಿಕ ಕಥೆಯ ಟಿವಿ ಸರಣಿಗಳನ್ನು ಹೊಸದಾಗಿ ನೋಡುವವರು ‘ಇಂಥ ಫೋನ್ ನಿಜಕ್ಕೂ ಇದೆಯಾ?’ ಎಂದು ಕೇಳುತ್ತಾರೆ. ಆ ಪ್ರಶ್ನೆಯನ್ನು ಬದಿಗಿಡಿ. ಇಲ್ಲದ ಯಂತ್ರವನ್ನು ಕಲ್ಪಿಸುವುದೇ ಈ ಪ್ರಕಾರದ ಕಸುಬು. ಆರ್ಥರ್ ಕ್ಲಾರ್ಕ್ 1945ರಲ್ಲಿ ಸಂಪರ್ಕ ಉಪಗ್ರಹದ ಲೇಖನ ಬರೆದಾಗ ಅಂಥದ್ದೊಂದೂ ಆಕಾಶದಲ್ಲಿರಲಿಲ್ಲ. ಮೂವತ್ತು ವರ್ಷದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳು ಎಟಿಎಸ್-6 ಉಪಗ್ರಹದಿಂದ ಬಂದ ಕನ್ನಡ ಕಾರ್ಯಕ್ರಮ ನೋಡಿದವು.

ನೀವು ಗಮನಿಸಬೇಕಾದದ್ದು ಎರಡು: ಮಾತಿಗೆ ಅಡ್ಡ ಬರುವುದೇನು? ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು?

ಮೊದಲನೆಯದನ್ನು ಕೂಡ್ಲಿಗಿ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ಬಂಡೆಗುಡ್ಡದ ಮರೆಗೆ ಸರಿದರೆ ‘ಟವರ್ ಸಿಗೋದಿಲ್ಲ’. 1966ರಲ್ಲಿ ಶುರುವಾದ ‘ಸ್ಟಾರ್ ಟ್ರೆಕ್’ನಲ್ಲಿ ಗ್ರಹಕ್ಕಿಳಿದವರು ಅಂಗೈಯಗಲದ ಪೆಟ್ಟಿಗೆಯ ಮುಚ್ಚಳ ತೆರೆದು, ಮೇಲೆ ಸುತ್ತುವ ನೌಕೆಯೊಡನೆ ಮಾತಾಡುತ್ತಾರೆ. ಬಯಲಿನಲ್ಲಿ ನಿಂತಿದ್ದರೆ ನಂಬಿ. ಇರಿಡಿಯಂ ಫೋನುಗಳು 780 ಕಿ.ಮೀ. ಎತ್ತರದ ಉಪಗ್ರಹಗಳನ್ನು ಮುಟ್ಟುತ್ತವೆ. ಆಳದ ಗುಹೆಯಿಂದಲೂ ಅದೇ ಸಲೀಸಾಗಿ ಮಾತಾಡಿದರೆ ಅನುಮಾನಿಸಿ.

ನಿಜವಾದ ರಸವಿರುವುದು ಎರಡನೆಯದರಲ್ಲಿ. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆಯನ್ನು ನೆನೆಯಿರಿ. ಮಂಗಳನ ಕಕ್ಷೆ ಸೇರಲು ಮಂಗಳಯಾನದ ಮುಖ್ಯ ಎಂಜಿನ್ ಸುಮಾರು 24 ನಿಮಿಷ ಉರಿಯಬೇಕಿತ್ತು. ಅಲ್ಲಿಂದ ಹೊರಟ ಸಂಕೇತ ಬೆಂಗಳೂರಿಗೆ ಬರಲು ಹನ್ನೆರಡು ನಿಮಿಷ ಬೇಕು. ನಡುವೆ ನೌಕೆ ಮಂಗಳನ ಬೆನ್ನ ಹಿಂದೆ ಮರೆಯಾಯಿತು. ಏನಾದರೂ ತಪ್ಪಿದ್ದರೆ ಇಲ್ಲಿ ತಿಳಿಯುವಷ್ಟರಲ್ಲಿ ತಿದ್ದುವ ಕಾಲ ಮುಗಿದಿರುತ್ತಿತ್ತು. ಅದಕ್ಕೇ ಆದೇಶಗಳನ್ನು ದಿನಗಳ ಮೊದಲೇ ಕಳಿಸಿಟ್ಟಿದ್ದರು. ಅಂದು ಎಲ್ಲರೂ ಉಸಿರು ಬಿಗಿಹಿಡಿದದ್ದು ಬೆಳಕಿನ ವೇಗಕ್ಕೊಂದು ಮಿತಿ ಇರುವುದರಿಂದಲೇ.

ಈ ಮಿತಿಯನ್ನು ಗೌರವಿಸುವ ಸರಣಿ ‘ದಿ ಎಕ್ಸ್‌ಪ್ಯಾನ್ಸ್’ (2015–2022). ದೂರದ ನೌಕೆಯಲ್ಲಿರುವವರೊಡನೆ ಅಲ್ಲಿ ಹರಟೆ ಸಾಧ್ಯವಿಲ್ಲ. ಹೇಳಬೇಕಾದದ್ದನ್ನು ಪೂರ್ತಿ ದಾಖಲಿಸಿ ಕಳಿಸಿ, ಕಾಯಬೇಕು. ಎದುರಿನವರ ಮುಖ ಕಾಣದೆ ಆಡುವ ಮಾತಿಗೆ ಬರುವ ತೂಕವನ್ನು ಅಲ್ಲಿ ನೋಡಿ. ಹಡಗಲಿ ತಾಲ್ಲೂಕಿನ ಮೈಲಾರ ಜಾತ್ರೆಗೆ ಹೋದವರು ಈ ರಸವನ್ನು ಬಲ್ಲರು: ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದಾಗ ಡೆಂಕನ ಮರಡಿ ಮೌನವಾಗುತ್ತದೆ. ಆಮೇಲೆ ಬರುವುದು ಒಂದೇ ಸಾಲಿನ ಕಾರ್ಣಿಕ, ಅಂದರೆ ಭವಿಷ್ಯವಾಣಿ. ಮಳೆ, ಬೆಳೆ, ರಾಜಕೀಯ ಎಂದು ಅದನ್ನು ಬಿಡಿಸುತ್ತ ವರ್ಷವೇ ಕಳೆಯುತ್ತದೆ.

ಮಾತಿಗೆ ಭಾಷೆಯೂ ಅಡ್ಡ ಬರುತ್ತದೆ. ಆದರೆ ಇಂಥ ಸರಣಿಗಳಲ್ಲಿ ಎಲ್ಲರ ನುಡಿಯನ್ನೂ ತಕ್ಷಣ ಅನುವಾದಿಸುವ ಯಂತ್ರ ನನ್ನ ಪ್ರಕಾರ ಬರೀ ಅನುಕೂಲದ ಸುಳ್ಳು. ಕಥೆ ಮುಂದೆ ಹೋಗಲಿ ಎಂದು ಕ್ಷಮಿಸಬಹುದು, ಮೆಚ್ಚಬೇಕಿಲ್ಲ.

ಶುರು ಮಾಡಲು ‘ಸ್ಟಾರ್ ಟ್ರೆಕ್’ನ ‘ಬ್ಯಾಲೆನ್ಸ್ ಆಫ್ ಟೆರರ್’ ಕಂತು ಸಾಕು. ಯುದ್ಧಕ್ಕಿಳಿಯಬೇಕೋ ಬೇಡವೋ ಎಂದು ಕೇಂದ್ರಕ್ಕೆ ಬರೆದ ಸಂದೇಶಕ್ಕೆ ಉತ್ತರ ಬರಲು ಗಂಟೆಗಳು ಬೇಕು, ಶತ್ರು ಎದುರಿಗಿದ್ದಾನೆ. ಕ್ಯಾಪ್ಟನ್ ಕರ್ಕ್ ತಾನೇ ನಿರ್ಧರಿಸಬೇಕಾಗುತ್ತದೆ. ಉತ್ತರ ಯಾವ ಘಳಿಗೆಯಲ್ಲಿ ಬರುತ್ತದೆ, ಅದರಲ್ಲಿ ಏನಿದೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಅದೇ ಉತ್ತರ ಆರಂಭದಲ್ಲೇ ಬಂದಿದ್ದರೆ ಆ ಕಂತಿನಲ್ಲಿ ಏನು ಉಳಿಯುತ್ತಿತ್ತು ಎಂದು ಯೋಚಿಸಿ.