ಮೂಳೆಯ ಗೋಡೆ, ಕಲ್ಲಿನ ಗೋಡೆ

ಪ್ಯಾರಿಸ್ಸಿನ ದಾಂಫೆರ್-ರೊಶ್ರೊ ಚೌಕದಲ್ಲಿ ನೆಲದಡಿಗೆ ಇಳಿಯುವ ಸುರುಳಿ ಮೆಟ್ಟಿಲೊಂದಿದೆ. 131 ಮೆಟ್ಟಿಲು ಇಳಿದು, ಸುಮಾರು 20 ಮೀಟರ್ ಆಳದಲ್ಲಿ ಒಂದೂವರೆ ಕಿಲೋಮೀಟರ್ ನಡೆದು, 112 ಮೆಟ್ಟಿಲು ಹತ್ತಿ ಬೇರೊಂದು ಬೀದಿಗೆ ಬಂದರೆ ಹೆಸರಾಂತ ಕ್ಯಾಟಕೋಂಬ್ಸ್ ನೋಡಿದಂತಾಯಿತು. ವರ್ಷಕ್ಕೆ ಸುಮಾರು ಐದು ಲಕ್ಷ ಜನ ಟಿಕೆಟ್ ಕೊಂಡು ಹೀಗೆ ಇಳಿದು ಹತ್ತುತ್ತಾರೆ. ಅವರು ಹುಡುಕಿಕೊಂಡು ಬರುವುದು ಮೂಳೆಯನ್ನು. ಸುಮಾರು 60 ಲಕ್ಷ ಜನರ ಅಸ್ಥಿಯನ್ನು ಸೌದೆ ಒಟ್ಟಿದ ಹಾಗೆ ಒಟ್ಟಿರುವ ಓಣಿಗಳು ಅಲ್ಲಿವೆ. ಆ ಓಣಿಗಳನ್ನು ಮುಚ್ಚಬೇಕೆಂದು ನಾನು ವಾದಿಸುತ್ತಿಲ್ಲ. ಆದರೆ ಈ ಭೇಟಿ ರೂಢಿಯಾಗಿರುವ ರೀತಿ ಆ ಜಾಗದ ಅರ್ಥವನ್ನೇ ಹಿಂದುಮುಂದು ಮಾಡಿದೆ. ಅದು ಮೊದಲು ಕಲ್ಲುಗಣಿ. ಆಮೇಲೆ, ಮೇಲಿನ ಊರು ಕುಸಿಯದಂತೆ ಕೊಟ್ಟ ಆಸರೆ. ಅಸ್ಥಿ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಕೊನೆಗೆ ಬಂದದ್ದನ್ನು ಮಾತ್ರ ನೋಡಿ ಬರುವವರು ಆ ಮೂಳೆಗಳನ್ನೂ ಸರಿಯಾಗಿ ನೋಡಿರುವುದಿಲ್ಲ ಎಂಬುದು ನನ್ನ ವಾದ.

ತಪ್ಪು ಹೆಸರಿನಿಂದಲೇ ಶುರುವಾಗುತ್ತದೆ. ಕ್ಯಾಟಕೋಂಬ್ ಎಂಬುದು ರೋಮಿನಿಂದ ತಂದ ಹೆಸರು. ಅಲ್ಲಿ ಆದಿ ಕ್ರೈಸ್ತರು ತಮ್ಮವರನ್ನು ಹೂಳಲೆಂದೇ ನೆಲದಡಿ ಸುರಂಗ ಕೊರೆದರು. ಪ್ಯಾರಿಸ್ಸಿನಲ್ಲಿ ಸತ್ತವರಿಗಾಗಿ ಯಾರೂ ಸುರಂಗ ಕೊರೆಯಲಿಲ್ಲ. ಕೊರೆದದ್ದು ಬದುಕಿದ್ದವರ ಮನೆಗೆ, ಇಗರ್ಜಿಗೆ, ಅರಮನೆಗೆ ಕಲ್ಲು ಬೇಕೆಂದು. ನಾಲ್ಕೂವರೆ ಕೋಟಿ ವರ್ಷಗಳ ಹಿಂದೆ ಅಲ್ಲಿದ್ದ ಕಡಲಿನ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣದಕಲ್ಲು ಅದು. ಕೆಲವು ಪದರಗಳಲ್ಲಿ ಚಿಪ್ಪುಗಳ ಅಚ್ಚು ಇಂದಿಗೂ ಕಾಣುತ್ತದೆ. ರೋಮನ್ನರ ಕಾಲದಲ್ಲಿ ಅದನ್ನು ಬಯಲಲ್ಲೇ ಒಡೆದು ತೆಗೆದರು. ಮಧ್ಯಯುಗದಲ್ಲಿ ಮೇಲಿನ ಮಣ್ಣನ್ನು ಹಾಗೇ ಬಿಟ್ಟು ಅಡಿಯಿಂದ ತೋಡುತ್ತ ಹೋದರು. ನೋತ್ರ್ ದಾಮ್ ಇಗರ್ಜಿಯ ಕಲ್ಲೂ ಲೂವ್ರ್ ಅರಮನೆಯ ಕಲ್ಲೂ ಈ ಪದರಗಳಿಂದಲೇ ಬಂದವು. ಮೇಲೆ ಊರು ಎದ್ದಷ್ಟೂ ಕೆಳಗೆ ಪೊಳ್ಳು ಹಿಗ್ಗಿತು. ಆಗ ಗಣಿಗಳಿದ್ದದ್ದು ಊರಾಚೆ. ಊರು ತೆಂಕಣಕ್ಕೆ ಬೆಳೆಯುತ್ತ ತಾನೇ ತೋಡಿದ ಪೊಳ್ಳಿನ ಮೇಲೆ ಬಂದು ಕೂತಿತು. ಕೆಳಗೆ ಏನಿದೆಯೆಂಬುದು ಅಷ್ಟರಲ್ಲಿ ಜನಕ್ಕೆ ಮರೆತುಹೋಗಿತ್ತು.

1774ರ ಡಿಸೆಂಬರಿನಲ್ಲಿ ಆ ಮರೆವಿಗೆ ದಂಡ ತೆರಬೇಕಾಯಿತು. ರ‍್ಯೂ ದಾಂಫೆರ್, ಅಂದರೆ ನರಕದ ಬೀದಿ ಎಂಬ ಹೆಸರಿನ ರಸ್ತೆಯ ಉದ್ದನೆಯ ಭಾಗವೊಂದು ಕುಸಿದು ನೆಲದೊಳಗೆ ಇಳಿಯಿತು. 1777ರಲ್ಲಿ ದೊರೆ ಹದಿನಾರನೇ ಲೂಯಿ ಗಣಿಗಳ ತಪಾಸಣೆಗೆಂದೇ ಒಂದು ಕಚೇರಿ ತೆರೆದು, ಶಾರ್ಲ್-ಆಕ್ಸೆಲ್ ಗಿಯೊಮೊ ಎಂಬ ವಾಸ್ತುಶಿಲ್ಪಿಯನ್ನು ಅದರ ತಲೆಯಾಳಾಗಿ ನೇಮಿಸಿದ. ಗಿಯೊಮೊನ ಮುಂದಿದ್ದದ್ದು ವಿಚಿತ್ರವಾದ ಕೆಲಸ. ಕಟ್ಟಡ ಕಟ್ಟುವವರು ಪಾಯದಿಂದ ಮೇಲಕ್ಕೆ ಹೋಗುತ್ತಾರೆ. ಇವನಿಗೆ ಕಟ್ಟಡಗಳು ಆಗಲೇ ನಿಂತಿದ್ದವು, ಅವುಗಳಲ್ಲಿ ಜನ ಬಾಳುತ್ತಿದ್ದರು, ಪಾಯವನ್ನು ಆಮೇಲೆ ಒದಗಿಸಬೇಕಿತ್ತು. ಕೆ.ಜಿ.ಎಫ್‌ನಲ್ಲಿ ಗಣಿಯಾಳದ ಬಂಡೆ ಸಿಡಿದಾಗ ಮೇಲಿನ ಮನೆಗಳು ಅದುರುತ್ತಿದ್ದುದನ್ನು ಬಲ್ಲ ಕನ್ನಡಿಗರಿಗೆ ಈ ಭಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಿಯೊಮೊನ ಆಳುಗಳು ಮಾಡಿದ್ದೇನೆಂದು ತಿಳಿಯಲು ಗೋಡೆಯ ಹತ್ತಿರ ಹೋಗಿ ನಿಲ್ಲಬೇಕು. ಮೇಲಿನ ಬೀದಿಗಳ ಗುಂಟ, ಮನೆಗಳ ಮುಂಗೋಡೆಗೆ ನೇರವಾಗಿ, ಅವರು ಕೆಳಗೆ ಆಸರೆಗೋಡೆಗಳನ್ನು ಕಟ್ಟುತ್ತ ಹೋದರು. ಆ ಗೋಡೆಗಳ ನಡುವೆ ಉಳಿದ ಜಾಗವೇ ಇಂದು ಜನ ನಡೆಯುವ ಓಣಿ. ಕೆಳಗಿನ ಓಣಿ ಮೇಲಿನ ಬೀದಿಯ ನೆರಳಿನಂತೆ ಸಾಗುವುದರಿಂದ, ತಾವು ಎಲ್ಲಿದ್ದೇವೆಂದು ಗೊತ್ತಾಗಲು ಮೇಲಿನ ಬೀದಿಯ ಹೆಸರನ್ನು ಅಲ್ಲಲ್ಲೇ ಕಲ್ಲಿನಲ್ಲಿ ಕೆತ್ತಿದರು. ಮೇಲೆ ಎಷ್ಟೋ ಬೀದಿಗಳ ಹೆಸರು ಬದಲಾಗಿದೆ, ಕೆಳಗೆ ಹಳೆಯದೇ ಉಳಿದಿದೆ. ಮುಗಿದ ಪ್ರತಿಯೊಂದು ಆಸರೆಯ ಮೇಲೂ ಒಂದು ಗುರುತು ಹಾಕುತ್ತಿದ್ದರು: ಒಂದು ಸಂಖ್ಯೆ, ಒಂದು ಅಕ್ಷರ, ಒಂದು ಇಸವಿ. ಸಂಖ್ಯೆ ಆ ವರ್ಷದ ಎಷ್ಟನೆಯ ಕಟ್ಟಣೆ ಎಂಬುದಕ್ಕೆ, ಅಕ್ಷರ ಗಿಯೊಮೊ ಎಂಬ ಹೆಸರಿನ ಮೊದಲಕ್ಷರ. ಕೆಲವು ಕಡೆ ಅರಸೊತ್ತಿಗೆಯ ಲಾಂಛನವಾದ ಲಿಲ್ಲಿ ಹೂವನ್ನು ಕ್ರಾಂತಿಯ ಕಾಲದಲ್ಲಿ ಉಳಿಯಿಂದ ಕೆತ್ತಿ ತೆಗೆದ ಗಾಯವೂ ಇದೆ. ನೆಲದ ಮೇಲೆ ಅರಸೊತ್ತಿಗೆ ಉರುಳಿದ ಸುದ್ದಿ ನೆಲದಡಿಗೆ ಮುಟ್ಟಿದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅದೇ ದಾರಿಯಲ್ಲಿ ಒಂದು ಕೆತ್ತನೆಯಿದೆ. ದೆಕ್ಯೂರ್ ಎಂಬ ಗಣಿ ಕೆಲಸಗಾರ ಹಿಂದೆ ಸೈನಿಕನಾಗಿದ್ದ, ಮಿನೋರ್ಕಾ ದ್ವೀಪದ ಪೋರ್ಟ್ ಮಹೋನಿನಲ್ಲಿ ಸೆರೆಯಲ್ಲಿದ್ದ. 1777ರಿಂದ 1782ರವರೆಗೆ ಆತ ಅಲ್ಲಿನ ಕೋಟೆಯನ್ನು ನೆನಪಿನಿಂದಲೇ ಗಣಿಯ ಗೋಡೆಯಲ್ಲಿ ಕೆತ್ತಿದ. ಬುರುಜು, ಕಿಟಕಿ, ಮೆಟ್ಟಿಲು ಎಲ್ಲವೂ ಅದರಲ್ಲಿವೆ. ತನ್ನ ಕೆತ್ತನೆಯನ್ನು ಜನ ಬಂದು ನೋಡಲೆಂದು ಮೆಟ್ಟಿಲು ತೋಡಲು ಹೋಗಿ ಕುಸಿತಕ್ಕೆ ಸಿಕ್ಕಿ ಸತ್ತ. ಈ ನೆಲದಡಿಗೆ ಜನರನ್ನು ಕರೆಯಬೇಕೆಂದು ಬಯಸಿದವರಲ್ಲಿ ಅವನೇ ಮೊದಲಿಗನಿರಬೇಕು, ಮತ್ತು ಅವನು ಕರೆದದ್ದು ಕಲ್ಲನ್ನು ನೋಡಲು. ಅಸ್ಥಿ ಇನ್ನೂ ಬಂದೇ ಇರಲಿಲ್ಲ.

ಅಸ್ಥಿ ಬಂದದ್ದೂ ಒಂದು ಕುಸಿತದಿಂದಲೇ. ಊರ ನಡುವಿನ ಸೇಂಜ್-ಇನೊಸಾಂ ಸ್ಮಶಾನದಲ್ಲಿ ಶತಮಾನಗಳಿಂದ ಹೆಣದ ಮೇಲೆ ಹೆಣ ಹೂತು ನೆಲ ಉಬ್ಬಿತ್ತು. 1780ರಲ್ಲಿ ಪಕ್ಕದ ಮನೆಯೊಂದರ ನೆಲಮಾಳಿಗೆಯ ಗೋಡೆ ಆ ಭಾರಕ್ಕೆ ಒಡೆಯಿತು. ಸ್ಮಶಾನ ಮುಚ್ಚಿದರು, ಗಣಿಯ ಒಂದು ಭಾಗವನ್ನು ಆರಿಸಿದರು, 1786ರ ಏಪ್ರಿಲ್ 7ರಂದು ಪಾದ್ರಿಗಳಿಂದ ಅದನ್ನು ಪವಿತ್ರಗೊಳಿಸಿದರು. ಕಪ್ಪು ಬಟ್ಟೆ ಹೊದಿಸಿದ ಗಾಡಿಗಳು ರಾತ್ರಿ ಹೊತ್ತು ಸಾಗಿದವು. ಮುಂದಿನ ದಶಕಗಳಲ್ಲಿ ಬೇರೆ ಸ್ಮಶಾನಗಳ ಪಾಳಿ ಬಂತು. ಮೊದಮೊದಲು ಮೂಳೆಗಳನ್ನು ಸುಮ್ಮನೆ ಸುರಿದಿದ್ದರು. 1809ರಲ್ಲಿ ಜನರಿಗೆ ನೋಡಲು ಬಿಟ್ಟಾಗ, ಆಗಿನ ತಪಾಸಣಾಧಿಕಾರಿ ಎರಿಕಾರ್ ದ ತ್ಯೂರಿ ಅವನ್ನು ಓರಣವಾಗಿ ಜೋಡಿಸುವ ಏರ್ಪಾಡು ಮಾಡಿದ. ಎದುರಿಗೆ ತೊಡೆಮೂಳೆಗಳ ತುದಿಗಳನ್ನು ಸಾಲಾಗಿ ಒಟ್ಟಿ, ನಡುನಡುವೆ ತಲೆಬುರುಡೆಗಳ ಪಟ್ಟಿ ಕೊಟ್ಟು ಗೋಡೆಯೆಬ್ಬಿಸುವುದು. ಹಿಂದಿನ ಜಾಗದಲ್ಲಿ ಉಳಿದ ಪಕ್ಕೆಲುಬು, ಬೆನ್ನೆಲುಬು, ಸಣ್ಣ ಮೂಳೆಗಳನ್ನು ಸುರಿದು ತುಂಬುವುದು.

ನನ್ನ ವಾದದ ತಿರುಳು ಇಲ್ಲಿದೆ. ಗಣಿಯಲ್ಲಿ ಕಲ್ಲು ತೆಗೆದ ಮೇಲೆ ಉಳಿದ ಪೊಳ್ಳನ್ನು ಕೆಲಸಗಾರರು ತುಂಬುತ್ತಿದ್ದುದು ಹೇಗೆ? ಗಾರೆ ಹಾಕದೆ ಕಲ್ಲಿನ ಮೇಲೆ ಕಲ್ಲಿಟ್ಟು, ನಮ್ಮ ಹೊಲದ ಬದುಗಳಲ್ಲಿ ಕಾಣುವಂಥ ಗೋಡೆಯನ್ನು ಮುಂದೆ ಕಟ್ಟಿ, ಹಿಂದಕ್ಕೆ ಚೂರು ಕಲ್ಲು, ಮಣ್ಣು ಸುರಿಯುತ್ತಿದ್ದರು. ಆ ಗೋಡೆಗೆ ಗಣಿಯವರ ಮಾತಿನಲ್ಲಿ 'ಆಗ್' ಎಂಬ ಹೆಸರು. ಮೂಳೆಯ ಗೋಡೆಗೂ ಅದೇ ಹೆಸರು. ಅಂದರೆ ನೋಡುಗರು ಭಯಾನಕವೆಂದೋ ಸುಂದರವೆಂದೋ ಬೆರಗಾಗುವ ಆ ಜೋಡಣೆ ಯಾವ ಮರಣತತ್ತ್ವದಿಂದಲೂ ಹುಟ್ಟಿದ್ದಲ್ಲ. ಗಣಿ ಕೆಲಸಗಾರರು ತಮ್ಮ ಕೈಗೆ ಪಳಗಿದ ರೀತಿಯನ್ನೇ ಮೂಳೆಗೂ ಬಳಸಿದರು. ಮೊದಲ ಅರ್ಧ ದಾರಿಯಲ್ಲಿ ಕಲ್ಲಿನ ಗೋಡೆಯನ್ನು ನೋಡಿದವರಿಗೆ ಎರಡನೆಯ ಅರ್ಧದಲ್ಲಿ ಮೂಳೆಯ ಗೋಡೆ ತಾನಾಗಿ ತಿಳಿಯುತ್ತದೆ. ಮೊದಲರ್ಧವನ್ನು ದಾಟಿ ಓಡುವವರಿಗೆ ಅದು ದೆವ್ವದ ಮನೆಯ ಅಲಂಕಾರವಾಗಿಯೇ ಉಳಿಯುತ್ತದೆ. ಆ ಮೊದಲರ್ಧ ಇಂದು ಮೂಳೆ ಕಾಣುವವರೆಗೆ ಸಹಿಸಿಕೊಳ್ಳುವ ಬರಿಯ ನಡಿಗೆಯಾಗಿಬಿಟ್ಟಿದೆ. ಗಣಿಯ ಚರಿತ್ರೆ ಹೇಳುವ ಫಲಕಗಳನ್ನು ವಸ್ತುಸಂಗ್ರಹಾಲಯದವರು ಇಟ್ಟಿದ್ದಾರೆ, ಕಿವಿಗೆ ಹಾಕಿಕೊಳ್ಳುವ ವಿವರಣೆಯಲ್ಲೂ ಅದು ಬರುತ್ತದೆ. ಅವರ ಶ್ರಮವನ್ನು ಕಡೆಗಣಿಸಲಾರೆ. ಆದರೆ ಈ ಭೇಟಿಯ ಹೆಸರು, ಜಾಹೀರಾತು, ಜನ ತೆಗೆದು ಹಂಚುವ ಚಿತ್ರ, ಮೂರೂ ಬುರುಡೆಯ ಕಡೆಗೇ ಬೆರಳು ತೋರಿಸುವಾಗ ಒಂದೆರಡು ಫಲಕಗಳ ಕೈಯಲ್ಲಿ ಏನಾದೀತು? 2015ರ ಹ್ಯಾಲೊವೀನ್ ರಾತ್ರಿಗೆ ಈ ಜಾಗವನ್ನು ಖಾಸಗಿ ಕಂಪನಿಯೊಂದಕ್ಕೆ ಬಾಡಿಗೆಗೆ ಕೊಟ್ಟದ್ದು ಆ ದಾರಿಯ ತಾರ್ಕಿಕ ಕೊನೆ. ಆಶೀರ್ವಾದ ಮಾಡಿ ಇಳಿಸಿದ ಅಸ್ಥಿಯ ನಡುವೆ ಮಲಗುವುದನ್ನು ಬಹುಮಾನವಾಗಿ ಇಟ್ಟಿದ್ದು ತಪ್ಪು. ಅದನ್ನು ತಪ್ಪು ಎನ್ನಲು ಯಾವ ಧರ್ಮದ ಆಸರೆಯೂ ಬೇಡ.

ಮೂಳೆ ಇಲ್ಲದಿದ್ದರೆ ಅಲ್ಲಿಗೆ ಯಾರು ಇಳಿಯುತ್ತಿದ್ದರು ಎಂದು ಕೇಳುವವರಿದ್ದಾರೆ. ಕಲ್ಲಿನ ಪದರ, ಆಸರೆಗೋಡೆ, ಇಸವಿ ಇವೆಲ್ಲ ಎಂಜಿನಿಯರುಗಳಿಗೆ ರುಚಿಸಬಹುದು, ಸಾಮಾನ್ಯರನ್ನು ಎಳೆಯುವುದು ಮೂಳೆಯೇ ಎಂಬುದು ಅವರ ಮಾತು. ಎಳೆಯುವುದು ಮೂಳೆ ಎಂಬುದನ್ನು ಒಪ್ಪುತ್ತೇನೆ. ಸಾಮಾನ್ಯರಿಗೆ ಬೇರೆಯದು ಹಿಡಿಸದು ಎಂಬುದನ್ನು ಒಪ್ಪಲಾರೆ. ಮೂಳೆಯನ್ನು ನೋಟವಾಗಿ ಮಾಡಿದ ತ್ಯೂರಿಯೇ ಅಲ್ಲಿ ಗಣಿಯ ಪದರಗಳ ಕಲ್ಲುಗಳನ್ನು ತೋರಿಸುವ ಒಂದು ಸಂಗ್ರಹವನ್ನೂ ಇರಿಸಿದ್ದ. ಇನ್ನೂರು ವರ್ಷದ ಹಿಂದೆ, ಕೈದೀಪ ಹಿಡಿದು, ದಾರಿ ತಪ್ಪದಿರಲೆಂದು ಚಾವಣಿಯಲ್ಲಿ ಎಳೆದ ಕಪ್ಪು ಗೆರೆಯನ್ನು ನೋಡಿಕೊಂಡು ಬರುತ್ತಿದ್ದವರಿಗೆ ಕಲ್ಲೂ ನೋಡತಕ್ಕದ್ದೆಂದು ಅನಿಸಿತ್ತು. ಈಗಿನ ಉದಾಹರಣೆ ಬೇಕಿದ್ದರೆ ಅದೇ ಚೌಕದಲ್ಲಿದೆ. ಕ್ಯಾಟಕೋಂಬ್ಸಿನ ಬಾಗಿಲ ಎದುರಿಗೇ, 2019ರಿಂದ ಪ್ಯಾರಿಸ್ ವಿಮೋಚನೆಯ ವಸ್ತುಸಂಗ್ರಹಾಲಯವಿದೆ. 1944ರ ಆಗಸ್ಟಿನಲ್ಲಿ ಕರ್ನಲ್ ರೋಲ್-ತಾಂಗಿ ನಾಜಿಗಳ ವಿರುದ್ಧದ ದಂಗೆಯನ್ನು ನಡೆಸಿದ ನೆಲದಡಿಯ ಕೋಣೆಗಳನ್ನು ಅಲ್ಲಿ ಇಳಿದು ನೋಡಬಹುದು. ಆಳ ಇಲ್ಲಿಯೂ ಸುಮಾರು 20 ಮೀಟರ್. ಬುರುಡೆ ಒಂದೂ ಇಲ್ಲ, ಇರುವುದು ಖಾಲಿ ಕೋಣೆ, ದಪ್ಪ ಬಾಗಿಲು. ಆ ಜಾಗ ಯಾವ ಕೆಲಸಕ್ಕೆ ಇತ್ತೋ ಅದನ್ನೇ ತೋರಿಸುತ್ತಾರೆ, ಅಷ್ಟಕ್ಕೇ ನೋಡುಗರ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಘನವಾದದ್ದು. ಧನಿಕ, ಬಡವ, ಕ್ರಾಂತಿಕಾರಿ, ಅರಸನ ಪಕ್ಷದವನು ಎಂಬ ಭೇದವಿಲ್ಲದೆ ಎಲ್ಲರೂ ಬೆರೆತುಹೋದ ಆ ಗೋಡೆಯ ಮುಂದೆ ನಿಂತವನು ತನ್ನ ಸಾವನ್ನು ನೆನೆಯುತ್ತಾನೆ, ಅದು ಕಲ್ಲಿನ ಪಾಠಕ್ಕಿಂತ ದೊಡ್ಡದು ಎನ್ನುತ್ತಾರೆ. ಅಸ್ಥಿಯನ್ನು ಹೊಳೆಗೆ ಬಿಡುವ, ಇಲ್ಲವೆ ಮಣ್ಣಿಗೆ ಕೊಟ್ಟು ಮರೆಯುವ ನಮ್ಮ ಕಡೆಯವರಿಗೆ ಆ ನೋಟ ಇನ್ನೂ ಗಟ್ಟಿಯಾಗಿ ತಟ್ಟೀತು. ಆದರೆ ಸಾವಿನ ಮುಂದಿನ ಸಮಾನತೆ ಅಲ್ಲಿ ಯಾರೂ ಯೋಚಿಸಿ ಸಾಧಿಸಿದ್ದಲ್ಲ. ಒಂದು ಸ್ಮಶಾನವನ್ನು ಖಾಲಿ ಮಾಡುವ ಆತುರದಲ್ಲಿ ಹೆಸರುಗಳು ಕಳೆದುಹೋದವು. ಉಳಿದಿರುವುದು ಯಾವ ಸ್ಮಶಾನದಿಂದ, ಯಾವ ದಿನ ತಂದದ್ದು ಎಂಬ ಫಲಕ ಮಾತ್ರ. ಫ್ರಾನ್ಸಿನ ಕಾನೂನೇ ಈ ವಿಷಯದಲ್ಲಿ ಸೂಕ್ಷ್ಮವಾಗಿದೆ: ಸತ್ತವರ ದೇಹಾವಶೇಷವನ್ನು ಗೌರವ, ಘನತೆ, ಮರ್ಯಾದೆಯಿಂದ ಕಾಣಬೇಕೆಂದು 2008ರಲ್ಲಿ ಕಾನೂನಾಯಿತು, ಮರುವರ್ಷ ಪ್ಯಾರಿಸ್ಸಿನಲ್ಲಿ ಸಂಸ್ಕರಿಸಿದ ಶವಗಳ ಪ್ರದರ್ಶನವೊಂದನ್ನು ನ್ಯಾಯಾಲಯ ನಿಲ್ಲಿಸಿತು. ಕ್ಯಾಟಕೋಂಬ್ಸ್ ಆ ಪ್ರದರ್ಶನದಂಥದ್ದಲ್ಲ, ಏಕೆಂದರೆ ಅಲ್ಲಿ ಅಸ್ಥಿಗೆ ಒಂದು ನೆಲೆಯಿದೆ, ಬಂದ ಕಾರಣವಿದೆ, ಸಂಸ್ಕಾರವಾಗಿದೆ. ಆ ನೆಲೆ ಮತ್ತು ಕಾರಣವನ್ನು ಹೇಳದೆ ಬುರುಡೆಯನ್ನಷ್ಟೇ ತೋರಿಸಿದರೆ ಎರಡರ ನಡುವಿನ ವ್ಯತ್ಯಾಸ ಅಳಿಸಿಹೋಗುತ್ತದೆ. ಗಣಿಯ ಕಥೆ ಸತ್ತವರ ಗೌರವಕ್ಕೂ ಬೇಕು ಎನ್ನುವುದು ಇದಕ್ಕಾಗಿ.

ಟಿಕೆಟ್ಟಿನ ದಾರಿ ಬಿಟ್ಟು, ಮುಚ್ಚಿದ ಸುರಂಗಗಳಿಗೆ ಕದ್ದು ಇಳಿಯುವವರ ಗುಂಪೂ ಪ್ಯಾರಿಸ್ಸಿನಲ್ಲಿದೆ. ಹೀಗೆ ಇಳಿಯುವುದನ್ನು 1955ರಿಂದ ನಿಷೇಧಿಸಲಾಗಿದೆ. ಸುಮಾರು 300 ಕಿಲೋಮೀಟರ್ ಸುರಂಗದಲ್ಲಿ ಒಂದೂವರೆ ಕಿಲೋಮೀಟರನ್ನಷ್ಟೇ ತೋರಿಸುತ್ತಾರೆ, ನಿಜವಾದದ್ದು ಉಳಿದದ್ದರಲ್ಲಿದೆ ಎಂದು ಅವರ ವಾದ. ಗೋಡೆಯ ಬರಹಗಳನ್ನು ಪ್ರೀತಿಯಿಂದ ಓದುವವರು, ನಕ್ಷೆ ಬರೆಯುವವರು ಅವರಲ್ಲಿದ್ದಾರೆ, ಆ ಪ್ರೀತಿಯ ಬಗ್ಗೆ ನನಗೆ ಗೌರವವಿದೆ. ಆದರೆ ವಾಲ್-ದ-ಗ್ರಾಸ್ ಆಸ್ಪತ್ರೆಯ ಬಾಗಿಲು ಕಾಯುವವ ಫಿಲಿಬೆರ್ ಆಸ್ಪೇರ್ 1793ರಲ್ಲಿ ಒಬ್ಬನೇ ಇಳಿದ. ಅವನ ದೇಹ ಸಿಕ್ಕಿದ್ದು 1804ರಲ್ಲಿ, ಅದು ಅವನದೆಂದು ಗುರುತಿಸಿದ್ದು ಬೀಗದ ಕೈ ಗೊಂಚಲಿನಿಂದ. ಹನ್ನೊಂದು ವರ್ಷ ಒಬ್ಬ ಮನುಷ್ಯನನ್ನು ಬಚ್ಚಿಡಬಲ್ಲ ಜಾಗಕ್ಕೆ ಕದ್ದು ಹೋಗಿ ಬರುವುದು ಎಲ್ಲರಿಗೂ ಹೇಳುವ ಉತ್ತರವಲ್ಲ. ತೆರೆದಿರುವ ಒಂದೂವರೆ ಕಿಲೋಮೀಟರನ್ನೇ ಚೆನ್ನಾಗಿ ಓದಿದರೆ ಉಳಿದದ್ದರ ಸ್ವಭಾವ ತಿಳಿಯುತ್ತದೆ. ಗಿಯೊಮೊ ಕ್ರಾಂತಿಯ ಕಾಲದಲ್ಲಿ ಸೆರೆಮನೆ ಕಂಡು, ಮತ್ತೆ ಅದೇ ಕೆಲಸಕ್ಕೆ ಬಂದು, 1807ರಲ್ಲಿ ತೀರಿಕೊಂಡ. ಅವನನ್ನು ಹೂತ ಸ್ಮಶಾನವನ್ನೂ ಮುಂದೆ ತೆರವು ಮಾಡಿದರು, ಅವನ ಅಸ್ಥಿಯೂ ಹೆಸರಿಲ್ಲದೆ ಈ ಓಣಿಗಳಿಗೇ ಬಂತು. ಅವನು ನಡೆಸಿದ ತಪಾಸಣಾ ಕಚೇರಿ ಇಂದಿಗೂ ಇದೆ, ಪೊಳ್ಳು ನೆಲದ ಮೇಲೆ ಕಟ್ಟಡ ಕಟ್ಟುವವರು ಇಂದಿಗೂ ಅದರ ಅಭಿಪ್ರಾಯ ಕೇಳಬೇಕು.

ಹಾಗಾಗಿ ಪ್ಯಾರಿಸ್ಸಿಗೆ ಹೋಗುವ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆ. 131 ಮೆಟ್ಟಿಲು ಇಳಿದ ಮೇಲೆ ಓಡಬೇಡಿ. ಹಿಂದಿನವರು ಮುಂದೆ ಹೋಗಲಿ, ದಾರಿ ಬಿಡಿ. ಅಲ್ಲಿ ವರ್ಷವಿಡೀ 14 ಡಿಗ್ರಿ ತಂಪು, ಮೈಮೇಲೊಂದು ಸ್ವೆಟರ್ ಇರಲಿ. ಬುರುಡೆ ಕಾಣುವ ಮೊದಲೇ, ಗೋಡೆಯ ಮೇಲೆ ಒಂದು ಸಂಖ್ಯೆ, ಒಂದು ಅಕ್ಷರ, ಒಂದು ಇಸವಿ ಇರುವ ಕಲ್ಲನ್ನು ಹುಡುಕಿ ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ.