ಒಪ್ಪೊತ್ತಿನ ಊಟ: ಇಳಿವಯಸ್ಸಿನ ಮಿತಾಹಾರದ ವಿಮರ್ಶೆ

ಅರವತ್ತು ದಾಟಿದ ಮೇಲೆ ಮಧ್ಯಾಹ್ನ ಮಾತ್ರ ಅನ್ನದ ಊಟ ಮಾಡಿ, ರಾತ್ರಿಯನ್ನು ಅವಲಕ್ಕಿ, ಉಪ್ಪಿಟ್ಟು ಅಥವಾ ಹಾಲು-ಬಾಳೆಹಣ್ಣಿನಲ್ಲಿ ಕಳೆಯುವ ರೂಢಿ ಕರ್ನಾಟಕದ ಅನೇಕ ಮನೆಗಳಲ್ಲಿ ಇಂದಿಗೂ ಉಳಿದಿದೆ. ಒಪ್ಪೊತ್ತು ಎಂದು ಕರೆಯಲಾಗುವ ಈ ಕ್ರಮಕ್ಕೆ ವ್ರತದ ಗೌರವವೂ ಆರೋಗ್ಯಸೂತ್ರದ ಮನ್ನಣೆಯೂ ಒಟ್ಟಿಗೇ ದೊರೆತಿವೆ. ಒಂದು ಹೊತ್ತು ಉಂಡವನನ್ನು ಯೋಗಿ, ಎರಡು ಹೊತ್ತು ಉಂಡವನನ್ನು ಭೋಗಿ, ಮೂರು ಹೊತ್ತು ಉಂಡವನನ್ನು ರೋಗಿ ಎನ್ನುವ ಗಾದೆ ಅದರ ಬೆನ್ನಿಗಿದೆ. ಆದರೆ ಗಾದೆ ಹೊತ್ತುಗಳನ್ನು ಎಣಿಸುತ್ತದೆಯೇ ಹೊರತು ಎಲೆಯ ಮೇಲೆ ಏನು ಬಡಿಸಲಾಯಿತು ಎಂಬುದನ್ನು ಕೇಳುವುದಿಲ್ಲ, ಉಣ್ಣುವವನ ವಯಸ್ಸನ್ನೂ ವಿಚಾರಿಸುವುದಿಲ್ಲ. ಈ ರೂಢಿಯ ಬಲವೂ ದೋಷವೂ ಅಲ್ಲಿಯೇ ಇವೆ.

ಬಲವನ್ನು ಮೊದಲು ಒಪ್ಪಿಕೊಳ್ಳಬೇಕು. ವಯಸ್ಸಾದಂತೆ ದೇಹದ ದುಡಿಮೆ ತಗ್ಗುವುದರಿಂದ ಅದಕ್ಕೆ ಬೇಕಾದ ಶಕ್ತಿಯ, ಅಂದರೆ ಕ್ಯಾಲೊರಿಗಳ, ಪ್ರಮಾಣವೂ ತಗ್ಗುತ್ತದೆ. ಯೌವನದ ಪ್ರಮಾಣದಲ್ಲೇ ಅನ್ನ ಉಣ್ಣುವವರ ಹೊಟ್ಟೆಯ ಸುತ್ತ ಕೊಬ್ಬು ಸೇರುವುದು ಸಹಜ. ರಕ್ತದಲ್ಲಿನ ಸಕ್ಕರೆಯನ್ನು ಜೀವಕೋಶಗಳಿಗೆ ಸೇರಿಸುವ ಇನ್ಸುಲಿನ್ ಹಾರ್ಮೋನಿನ ಪರಿಣಾಮ ಬೆಳಗಿಗಿಂತ ಸಂಜೆಯಲ್ಲಿ ಮಂದವಾಗಿರುತ್ತದೆ; ತುಂಬಿದ ಹೊಟ್ಟೆಯಲ್ಲಿ ಮಲಗಿದರೆ ಜಠರದ ಆಮ್ಲ ಅನ್ನನಾಳಕ್ಕೆ ಏರಿ ಎದೆಯುರಿ ತರುತ್ತದೆ. ಹೊತ್ತು ಮುಳುಗುವ ವೇಳೆಗೇ ಹಗುರವಾಗಿ ತಿಂದು ಮುಗಿಸುವ ಹಿರಿಯರ ಪದ್ಧತಿಗೆ, ರಾತ್ರಿ ಹತ್ತಕ್ಕೆ ಟಿ.ವಿ. ಎದುರು ಉಣ್ಣುವ ಇಂದಿನ ನಗರದ ಅಭ್ಯಾಸವನ್ನು ಹೋಲಿಸಿದರೆ, ಯಾವುದು ವಿವೇಕದ್ದೆಂದು ಹೇಳಲು ವೈದ್ಯರು ಬೇಕಿಲ್ಲ.

ದೋಷವಿರುವುದು ಕಡಿತದಲ್ಲಲ್ಲ, ಕಡಿತಗೊಳಿಸಿದ ವಸ್ತುವಿನ ಆಯ್ಕೆಯಲ್ಲಿ. ಇಳಿವಯಸ್ಸಿನಲ್ಲಿ ಶಕ್ತಿಯ ಅಗತ್ಯ ತಗ್ಗಿದರೂ ಪ್ರೋಟೀನಿನ ಅಗತ್ಯ ತಗ್ಗುವುದಿಲ್ಲ. ತಿಂದ ಪ್ರೋಟೀನನ್ನು ಸ್ನಾಯುವಾಗಿ ಕಟ್ಟಿಕೊಳ್ಳುವ ದೇಹದ ಸಾಮರ್ಥ್ಯ ಮಂದವಾಗುವುದರಿಂದ ಅದು ಏರುತ್ತದೆ ಎಂದೇ ಹೇಳಬೇಕು. ವಯಸ್ಸಿನೊಂದಿಗೆ ಸ್ನಾಯುವಿನ ರಾಶಿಯೂ ಕಸುವೂ ಕುಗ್ಗುವ ಸ್ಥಿತಿಗೆ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ಸಾರ್ಕೊಪೀನಿಯ ಎಂಬ ಹೆಸರನ್ನು ಸೂಚಿಸಿದರು. ಕುರ್ಚಿಯಿಂದ ಏಳಲು ಕೈಯೂರಬೇಕಾಗುವುದು, ನಡಿಗೆ ನಿಧಾನವಾಗುವುದು, ಹಿಡಿತ ಸಡಿಲವಾಗುವುದು ಇದರ ಲಕ್ಷಣಗಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕೆನ್ನುತ್ತದೆ. ವೃದ್ಧರ ಆಹಾರವನ್ನೇ ಕುರಿತು 2013ರಲ್ಲಿ ಪ್ರಕಟವಾದ ಪ್ರಾಟ್-ಏಜ್ ತಜ್ಞರ ಗುಂಪಿನ ವರದಿ ಅದನ್ನು 1ರಿಂದ 1.2 ಗ್ರಾಂಗೆ ಏರಿಸಬೇಕೆಂದು ಹೇಳಿತು. ಮೂತ್ರಪಿಂಡದ ತೀವ್ರ ಕಾಯಿಲೆ ಇದ್ದು ಡಯಾಲಿಸಿಸ್ ಆರಂಭವಾಗದವರಿಗೆ ಮಾತ್ರ ಈ ಏರಿಕೆ ಅನ್ವಯಿಸದು.

ಒಪ್ಪೊತ್ತಿನ ದಿನಚರಿಯನ್ನು ಈ ಅಳತೆಗೆ ಹಿಡಿದರೆ ಸಿಗುವ ಲೆಕ್ಕ ಸಮಾಧಾನಕರವಾಗಿಲ್ಲ. ಐವತ್ತು ಗ್ರಾಂ ಅವಲಕ್ಕಿಯಲ್ಲಿ ಸುಮಾರು 4 ಗ್ರಾಂ, ಬಾಳೆಹಣ್ಣಿನಲ್ಲಿ 1, ಒಂದು ಲೋಟ ಹಾಲಿನಲ್ಲಿ 6 ಗ್ರಾಂ ಪ್ರೋಟೀನ್ ಇದ್ದು, ರಾತ್ರಿಯ ಫಲಾಹಾರ ಹನ್ನೊಂದು ಗ್ರಾಂ ಆಸುಪಾಸಿನಲ್ಲೇ ನಿಲ್ಲುತ್ತದೆ. ನೂರು ಗ್ರಾಂ ಅಕ್ಕಿಯ ಅನ್ನ, ತಿಳಿಸಾರು, ಪಲ್ಯ, ಮಜ್ಜಿಗೆ ಸೇರಿದ ಮಧ್ಯಾಹ್ನದ ಊಟ ಹದಿನೈದು-ಹದಿನೇಳು ಗ್ರಾಂ ಕೊಟ್ಟರೆ ಹೆಚ್ಚು. ಬೆಳಗಿನ ಇಡ್ಲಿ-ಕಾಫಿಯನ್ನು ಸೇರಿಸಿಕೊಂಡರೂ ಮೊತ್ತ ನಲವತ್ತನ್ನು ಮುಟ್ಟುವುದು ಕಷ್ಟ, ಅರವತ್ತು ಕಿಲೋ ತೂಕದವರಿಗೆ ಬೇಕಾದದ್ದು ಕನಿಷ್ಠ ಐವತ್ತು, ಉತ್ತಮವೆಂದರೆ ಅರವತ್ತಕ್ಕೂ ಮೇಲೆ. ಹಲ್ಲು ಹೋದವರು ಕಾಳನ್ನು ಬಿಟ್ಟು ಮೆತ್ತಗಿನ ಪಿಷ್ಟಕ್ಕೇ ಒಲಿಯುವುದರಿಂದ ಕೊರತೆ ಇನ್ನಷ್ಟು ಬೆಳೆಯುತ್ತದೆ. ಇದರ ಜೊತೆಗೆ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ರಾತ್ರಿಯೂಟ ಬಿಟ್ಟರೆ, ನಡುರಾತ್ರಿ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಇತ್ತೀಚೆಗೆ ಈ ರೂಢಿಗೆ ವಿಜ್ಞಾನದ ಸಮರ್ಥನೆಯನ್ನೂ ಜೋಡಿಸಲಾಗುತ್ತಿದೆ: ಕಡಿಮೆ ತಿಂದ ಪ್ರಾಣಿಗಳು ಹೆಚ್ಚು ಬದುಕುತ್ತವೆ ಎಂಬುದು ಅದರ ಸಾರ. ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕ್‌ಕೇ 1935ರಲ್ಲಿ ಇಲಿಗಳ ಆಹಾರವನ್ನು ತಗ್ಗಿಸಿ ಅವುಗಳ ಆಯುಷ್ಯ ಹೆಚ್ಚಿದ್ದನ್ನು ತೋರಿಸಿದ್ದು ನಿಜ; ಆದರೆ ಅಂಥ ಕಡಿತ ಎಳೆಯ ಪ್ರಾಯದಲ್ಲಿ ಆರಂಭವಾಗಿತ್ತು. ಮನುಷ್ಯರ ಮೇಲೆ ನಡೆದ ಕ್ಯಾಲರಿ ಎಂಬ ಎರಡು ವರ್ಷಗಳ ಪ್ರಯೋಗದಲ್ಲಿ ಭಾಗವಹಿಸಿದವರೂ ಐವತ್ತರ ಒಳಗಿನವರೇ. ಅವರ ರಕ್ತದೊತ್ತಡ, ಕೊಲೆಸ್ಟೆರಾಲ್ ಸುಧಾರಿಸಿದ ಜೊತೆಗೆ ಸ್ನಾಯು ಮತ್ತು ಮೂಳೆಯ ಸಾಂದ್ರತೆ ಇಳಿದದ್ದೂ ದಾಖಲಾಗಿದೆ. ನಲವತ್ತರವರು ಆ ನಷ್ಟವನ್ನು ತಾಳಿಕೊಂಡಾರು, ಎಪ್ಪತ್ತೈದರಲ್ಲಿ ಅದೇ ನಷ್ಟ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿಯುವುದಕ್ಕೆ ಕಾರಣವಾದೀತು.

ಶಾಸ್ತ್ರದ ಆಧಾರವೂ ಭಾವಿಸಿರುವಷ್ಟು ಗಟ್ಟಿಯಾಗಿಲ್ಲ. ವಾಗ್ಭಟನ ಅಷ್ಟಾಂಗಹೃದಯ ಹೊಟ್ಟೆಯ ಅರ್ಧವನ್ನು ಘನಾಹಾರಕ್ಕೆ, ಕಾಲುಭಾಗವನ್ನು ದ್ರವಕ್ಕೆ ಮೀಸಲಿಟ್ಟು ಉಳಿದ ಕಾಲನ್ನು ಖಾಲಿ ಬಿಡಲು ಹೇಳುತ್ತದೆ. ಮಿತಾಹಾರದ ಪ್ರತಿಪಾದಕರು ಇದನ್ನು ಪದೇ ಪದೇ ನೆನೆಯುತ್ತಾರೆ. ಆದರೆ ಅದೇ ಗ್ರಂಥದ ಸೂತ್ರಸ್ಥಾನ, ಚಿಕಿತ್ಸೆಯನ್ನು ಲಂಘನ (ದೇಹವನ್ನು ಹಗುರಗೊಳಿಸುವುದು) ಮತ್ತು ಬೃಂಹಣ (ದೇಹವನ್ನು ಪುಷ್ಟಿಗೊಳಿಸುವುದು) ಎಂದು ಎರಡಾಗಿ ವಿಂಗಡಿಸುವಾಗ, ಗರ್ಭಿಣಿ, ಬಾಣಂತಿ ಮತ್ತು ಮಕ್ಕಳ ಸಾಲಿನಲ್ಲೇ ವೃದ್ಧರನ್ನೂ ಇಟ್ಟು, ಅವರಿಗೆ ವಿಧಿಸುವುದು ಬೃಂಹಣವನ್ನು. ಮುದುಕರು ಉಪವಾಸದಿಂದ ಗಟ್ಟಿಯಾಗುತ್ತಾರೆಂಬ ನಂಬಿಕೆಯ ಮೂಲವನ್ನು ಬೇರೆಲ್ಲಾದರೂ ಹುಡುಕಬೇಕು.

ಪರಿಹಾರಕ್ಕೆ ಡಬ್ಬಿಯ ಪ್ರೋಟೀನ್ ಪುಡಿಯ ಮೊರೆಹೋಗುವ ಅಗತ್ಯ ಬಹುಪಾಲು ಜನರಿಗಿಲ್ಲ. ಹಳೆಯ ಮೈಸೂರಿನ ಕಡೆಯ ಮುದ್ದೆಯೂಟವನ್ನೇ ನೋಡಬಹುದು: ಮುದ್ದೆಯನ್ನು ಅಗಿಯದೆ ನುಂಗುವುದರಿಂದ ಅದು ಬೋಡುಬಾಯಿಗೂ ಒಗ್ಗುತ್ತದೆ, ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣಾಂಶವೂ ಇದೆ. ಇಂದು ಸಿರಿಧಾನ್ಯದ ಭರಾಟೆಯಲ್ಲಿ ರಾಗಿಗೆ ಸಲ್ಲುತ್ತಿರುವ ಹೊಗಳಿಕೆಯಲ್ಲಿ ಒಂದು ಪಾಲು ಅದರ ಜೊತೆಗಿನ ಸಾರಿಗೆ ಸಲ್ಲಬೇಕಾದದ್ದು. ರಾಗಿಯ ಪ್ರೋಟೀನ್ ನೂರಕ್ಕೆ ಏಳು ಗ್ರಾಂ, ಅಕ್ಕಿಗಿಂತ ಹೆಚ್ಚೇನಲ್ಲ. ಆ ಊಟದ ಪುಷ್ಟಿ ಬರುವುದು ಮುದ್ದೆ ಅದ್ದಿಕೊಳ್ಳುವ ಹುರುಳಿಕಾಳಿನ ಸಾರಿನಿಂದ, ಕಾಳು ಮತ್ತು ಸೊಪ್ಪು ಬೇಯಿಸಿದ ಬಸ್ಸಾರಿನಿಂದ. ಹುರುಳಿಯಲ್ಲಿ ನೂರಕ್ಕೆ 21 ಗ್ರಾಂ ಮೀರಿ ಪ್ರೋಟೀನಿದೆ. ಉತ್ತರ ಕರ್ನಾಟಕದ ಹಿರಿಯರು ಕಟಕ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುವುದರಲ್ಲಿಯೂ, ಕರಾವಳಿಯಲ್ಲಿ ಕುಚ್ಚಲಕ್ಕಿ ಗಂಜಿಗೆ ಮೀನು ಕೂಡುವುದರಲ್ಲಿಯೂ ಇದೇ ಜಾಣತನವಿದೆ. ಹೀಗಿರುವಾಗ ರಾತ್ರಿಯ ಉಪ್ಪಿಟ್ಟಿನ ಜಾಗಕ್ಕೆ ಹೆಸರುಬೇಳೆ ಹೆಚ್ಚಿರುವ ಹುಗ್ಗಿ, ಗಟ್ಟಿ ತೊವ್ವೆ, ಒಂದು ಬಟ್ಟಲು ಮೊಸರು, ತಿನ್ನುವವರಾದರೆ ಬೇಯಿಸಿದ ಮೊಟ್ಟೆ ಬಂದರೆ ಹೊಟ್ಟೆ ಭಾರವಾಗದು, ಕೊರತೆಯೂ ನೀಗುತ್ತದೆ. ಬಿ12 ಜೀವಸತ್ವದ ವಿಷಯ ಬೇರೆ: ಅದು ಸಸ್ಯಾಹಾರದಲ್ಲಿ ಹಾಲು-ಮೊಸರಿನಿಂದಷ್ಟೇ ದೊರೆಯುವುದರಿಂದ, ವಯಸ್ಸಿನಲ್ಲಿ ಜಠರದ ಆಮ್ಲ ತಗ್ಗಿ ಹೀರಿಕೆ ಕುಗ್ಗುವುದರಿಂದ, ಮೆಟ್‌ಫಾರ್ಮಿನ್ ಮಾತ್ರೆ ಅದನ್ನು ಇನ್ನೂ ಕುಗ್ಗಿಸುವುದರಿಂದ, ರಕ್ತಪರೀಕ್ಷೆಯೇ ಅದಕ್ಕೆ ಸರಿಯಾದ ದಾರಿ.

ಆಹಾರ ಎಷ್ಟೇ ಹದವಾಗಿದ್ದರೂ ದುಡಿಸದ ಸ್ನಾಯು ಉಳಿಯುವುದಿಲ್ಲ. ಹಿಂದಿನ ತಲೆಮಾರಿನ ಒಪ್ಪೊತ್ತಿನವರು ಬಾವಿಯಿಂದ ನೀರು ಸೇದುತ್ತಿದ್ದರು, ನೆಲದ ಮೇಲೆ ಕುಳಿತು ಏಳುತ್ತಿದ್ದರು, ದೇವಸ್ಥಾನಕ್ಕೂ ಸಂತೆಗೂ ನಡೆದೇ ಹೋಗುತ್ತಿದ್ದರು. ರೂಢಿಯ ಊಟದ ಭಾಗವನ್ನಷ್ಟೇ ಉಳಿಸಿಕೊಂಡವರು ಅದರ ಅರ್ಧವನ್ನು ಕೈಬಿಟ್ಟಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಅರವತ್ತೈದು ಮೀರಿದವರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಬಿರುಸು ನಡಿಗೆಯಂಥ ಚಟುವಟಿಕೆಯೊಂದಿಗೆ, ಎರಡು ದಿನ ಸ್ನಾಯುಬಲದ ವ್ಯಾಯಾಮವನ್ನೂ ಮೂರು ದಿನ ಸಮತೋಲನದ ಅಭ್ಯಾಸವನ್ನೂ ಸೂಚಿಸಿರುವಾಗ, ಉದ್ಯಾನದ ವಾಕಿಂಗ್ ಒಂದನ್ನೇ ನೆಚ್ಚಿಕೊಳ್ಳುವುದು ಸಾಲದು.

ಈ ರೂಢಿಯನ್ನು ಬರಿಯ ಆರೋಗ್ಯಸೂತ್ರವಾಗಿ ಕಾಣುವವರು ಅದರ ಸಾಮಾಜಿಕ ಚರಿತ್ರೆಯನ್ನೂ ಮರೆಯುತ್ತಾರೆ. ಕೆಲವು ಸಮುದಾಯಗಳಲ್ಲಿ ಒಪ್ಪೊತ್ತು ವಿಧವೆಯರ ಮೇಲೆ ಹೇರಿದ ಕಟ್ಟುಪಾಡಾಗಿತ್ತು. ಅದು ಅವರ ದೇಹದ ಹಿತಕ್ಕಾಗಿ ರೂಪುಗೊಂಡದ್ದಲ್ಲ. ಇಂದು ಕಟ್ಟುಪಾಡು ಸಡಿಲವಾಗಿದ್ದರೂ, ಮಕ್ಕಳು ದೂರದಲ್ಲಿದ್ದು ಒಬ್ಬರೇ ಉಳಿದ ಮನೆಗಳಲ್ಲಿ, ಒಬ್ಬರಿಗಾಗಿ ಒಲೆ ಹಚ್ಚುವ ಬೇಸರಕ್ಕೂ ಹಸಿವೆ ಸತ್ತಿರುವುದಕ್ಕೂ ಒಪ್ಪೊತ್ತು ಎಂಬ ಮರ್ಯಾದೆಯ ಹೆಸರು ಸಿಗುತ್ತಿದೆ. ಆರು ತಿಂಗಳಿಂದ ಒಂದು ವರ್ಷದೊಳಗೆ ಪ್ರಯತ್ನಿಸದೆಯೇ ದೇಹತೂಕ ನೂರಕ್ಕೆ ಐದರಷ್ಟು ಇಳಿದರೆ ವೈದ್ಯರು ಥೈರಾಯ್ಡ್, ಕ್ಷಯ, ಕ್ಯಾನ್ಸರ್, ಖಿನ್ನತೆ, ಕೊನೆಗೆ ಹಲ್ಲಿನ ತೊಂದರೆಯನ್ನೂ ಹುಡುಕುತ್ತಾರೆ. ಅಂಥ ಇಳಿತವನ್ನು ಮನೆಯವರು ಮಿತಾಹಾರದ ಫಲವೆಂದು ಮೆಚ್ಚಿ ಸುಮ್ಮನಾದರೆ, ಆ ಹುಡುಕಾಟ ತಡವಾಗಿ ಆರಂಭವಾಗುತ್ತದೆ.