ನೆಲವೇ ಡೊಂಕಾಗಿದ್ದಾಗ

ದೀಪಾವಳಿಗೆ ಊರಿಗೆ ಹೋದಾಗ ತಮ್ಮ ಅಟ್ಟದಿಂದ ಹಳೇ ಕಂಪ್ಯೂಟರ್ ಇಳಿಸಿದ್ದ. ಆನ್ ಆಯ್ತು, ಅದೇ ಆಶ್ಚರ್ಯ. ನೇರಳೆ ಬಣ್ಣದ ಪಿಎಸ್/2 ಪಿನ್ನಿನ ಬಿಳಿ ಕೀಬೋರ್ಡ್ ಈಗ ಹಳದಿಯಾಗಿತ್ತು. ನಾವಿಬ್ಬರೂ ಒಂದೇ ಕೀಬೋರ್ಡಿನಲ್ಲಿ ಆಡ್ತಿದ್ದ ಫೈಟಿಂಗ್ ಗೇಮ್ ಇನ್ನೂ ಅದರಲ್ಲಿತ್ತು. ನನಗೆ ಬಾಣದ ಕೀಗಳು, ಅವನಿಗೆ ಎಡಗಡೆಯ ಅಕ್ಷರಗಳು. ಐದೇ ನಿಮಿಷಕ್ಕೆ ಹಳೇ ಜಗಳವೂ ಶುರುವಾಯ್ತು.

"ಅಕ್ಕಾ, ನಾನು ಒತ್ತಿದೆ ಕಣೇ. ಇದು ತಗೊಳ್ತಿಲ್ಲ."

ಹದಿನೈದು ವರ್ಷದ ಹಿಂದೆಯೂ ಇದೇ ಮಾತು. ಆಗೆಲ್ಲ ನನ್ನ ಉತ್ತರ ಒಂದೇ: "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ." ಅವನು ಅಳ್ತಾ ಅಮ್ಮನ ಹತ್ರ ಹೋಗ್ತಿದ್ದ. ಅಮ್ಮನೂ ನನ್ನ ಪರವೇ. ಈಗ ನಾನು ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಬಗ್ ಇದೆ ಅಂತ ಯಾರಾದರೂ ಹೇಳಿದರೆ ಮೊದಲು ಪರೀಕ್ಷಿಸಿ ನೋಡೋದು, ಆಮೇಲೆ ಮಾತಾಡೋದು ಅಭ್ಯಾಸ.

ನೋಟ್‌ಪ್ಯಾಡ್ ತೆರೆದೆವು. ಒಂದೊಂದೇ ಕೀ ಒತ್ತಿದರೆ ಎಲ್ಲವೂ ಬಂತು. ಅಂದರೆ ಧೂಳಲ್ಲ, ಚೆಲ್ಲಿದ ಕಾಫಿಯಲ್ಲ. ಅವುಗಳಿಂದ ಕೆಟ್ಟ ಕೀ ಒಂಟಿಯಾಗಿ ಒತ್ತಿದರೂ ಕೈಕೊಡುತ್ತೆ. ಆಮೇಲೆ ನಾನು ಮೇಲಿನ ಬಾಣ, ಎಡ ಬಾಣ ಎರಡನ್ನೂ ಒತ್ತಿ ಹಿಡಿದೆ. ಅವನು ತನ್ನ ಜಂಪ್ ಕೀ ಕ್ಯೂ ಒತ್ತಿದ. ಬರಲಿಲ್ಲ. ನಾನು ಒಂದು ಬೆರಳು ತೆಗೆದೆ, ಅವನು ಮತ್ತೆ ಒತ್ತಿದ. ಬಂತು.

ಇಷ್ಟು ವರ್ಷ ಅವನ ಜಂಪನ್ನು ತಡೆದಿದ್ದು ನನ್ನ ಬೆರಳು!

ಕಾರಣ ಸರಳ. ಪ್ರತಿ ಕೀಗೂ ಬೇರೆ ಬೇರೆ ತಂತಿ ಎಳೆದರೆ ನೂರಕ್ಕೂ ಹೆಚ್ಚು ತಂತಿ ಬೇಕು. ಅದಕ್ಕೇ ಅಡ್ಡಸಾಲು, ಉದ್ದಸಾಲುಗಳ ಜಾಲ ಮಾಡಿ, ಅವು ಸೇರುವ ಕಡೆ ಕೀ ಇಡ್ತಾರೆ. ಈ ಜಾಲದಲ್ಲಿ ಒಂದು ಆಯತದ ಮೂರು ಮೂಲೆಗಳನ್ನು ಒಟ್ಟಿಗೆ ಒತ್ತಿದರೆ ಕರೆಂಟು ಸುತ್ತಿಕೊಂಡು ಹರಿದು, ನಾಲ್ಕನೇ ಮೂಲೆಯನ್ನೂ ಒತ್ತಿದಂತೆ ಕಾಣುತ್ತೆ. ಇದೇ ಘೋಸ್ಟಿಂಗ್. ಆ ದೆವ್ವ ಬರಬಾರದು ಅಂತ ಕೀಬೋರ್ಡಿನೊಳಗಿನ ಚಿಪ್ ಮೂರನೇ ಕೀಯನ್ನೇ ಕೈಬಿಡುತ್ತೆ. ಪ್ರತಿ ಕೀಗೂ ಒಂದು ಡಯೋಡ್ ಹಾಕಿದ್ದರೆ ಈ ತೊಂದರೆ ಇರ್ತಿರಲಿಲ್ಲ. ಆದರೆ ಟೈಪ್ ಮಾಡುವವರು ಮೂರು ಅಕ್ಷರ ಒಟ್ಟಿಗೆ ಒತ್ತೋದಿಲ್ಲ. ಶಿಫ್ಟ್, ಕಂಟ್ರೋಲ್‌ನಂಥ ಕೀಗಳನ್ನು ಹೇಗೂ ಜಾಲದಲ್ಲಿ ದೂರ ಇಟ್ಟಿರ್ತಾರೆ. ಹಾಗಾಗಿ ಅಲ್ಲಿ ದುಡ್ಡು ಉಳಿಸಿದರು.

"ಹಳೇದೇ ಗಟ್ಟಿ" ಅನ್ನುವವರಿಗೆ ಇಲ್ಲೊಂದು ಪಾಠವಿದೆ. 1985ರಲ್ಲಿ ಬಂದ ಐಬಿಎಂ ಮಾಡೆಲ್ ಎಂ ಅನ್ನು ಕೀಬೋರ್ಡ್ ಪ್ರಿಯರು ಇವತ್ತಿಗೂ ಪೂಜೆ ಮಾಡ್ತಾರೆ. ಆ ಸ್ಪ್ರಿಂಗಿನ ಟಕಟಕ ಬೆರಳಿಗೆ ನಿಜಕ್ಕೂ ಸುಖ. ಆದರೆ ಅದರಲ್ಲೂ ಇದೇ ಮಿತಿ ಇದೆ. ಗಟ್ಟಿ ಅಂದ ಮಾತ್ರಕ್ಕೆ ಎಲ್ಲದಕ್ಕೂ ಸರಿ ಅಂತಲ್ಲ.

ಹೊಸದನ್ನು ಮಾರುವವರೇನೂ ಕಡಿಮೆಯಿಲ್ಲ. ಡಬ್ಬದ ಮೇಲೆ "ಆಂಟಿ-ಘೋಸ್ಟಿಂಗ್" ಅಂತ ದಪ್ಪಕ್ಷರ. ಪದದ ಅರ್ಥವನ್ನೇ ಹಿಡಿದು ಹೊರಟರೆ ನಮ್ಮನೆ ಹಳದಿ ಕೀಬೋರ್ಡೂ ಆಂಟಿ-ಘೋಸ್ಟಿಂಗೇ. ದೆವ್ವ ಬರದ ಹಾಗೆ ಮೂರನೇ ಕೀಯನ್ನು ತಿಂದುಹಾಕ್ತಿತ್ತಲ್ಲ! ಕೆಲವು ಡಬ್ಬಗಳಲ್ಲಿ "19 ಕೀ", "26 ಕೀ" ಅಂತ ಸಣ್ಣಕ್ಷರದಲ್ಲಿ ಇರುತ್ತೆ. ಅಂದರೆ ಉಳಿದ ಕೀಗಳಿಗೆ ಗ್ಯಾರಂಟಿ ಇಲ್ಲ. ನೀವು ಕೇಳಬೇಕಾದ್ದು ರೋಲೋವರ್ ಎಷ್ಟು, ಅಂದರೆ ಯಾವುದೇ ಎಷ್ಟು ಕೀ ಒಟ್ಟಿಗೆ ಒತ್ತಿದರೂ ತಗೊಳ್ಳುತ್ತೆ ಅಂತ. ಬಣ್ಣದ ಲೈಟಿಗೂ ಇದಕ್ಕೂ ಸಂಬಂಧವೇ ಇಲ್ಲ.

ನನ್ನ ತೀರ್ಪು ಇಷ್ಟು: ಹಳೇ ಕೀಬೋರ್ಡ್ ಕೆಟ್ಟಿರಲಿಲ್ಲ, ಕೆಟ್ಟದ್ದೂ ಅಲ್ಲ. ಪತ್ರ ಟೈಪ್ ಮಾಡೋಕೆ ಇವತ್ತಿಗೂ ಸೈ. ಇಬ್ಬರು ಆಡೋಕೆ ಅದನ್ನು ಮಾಡಿರಲೇ ಇಲ್ಲ. ತಪ್ಪಾಗಿದ್ದು ನಮ್ಮ ಲೆಕ್ಕದಲ್ಲಿ. ಕೀ ಒಂಟಿಯಾಗಿ ಸರಿ ಇದೆ ಅಂತ ನೋಡಿ, ತಪ್ಪು ಆಡುವವನದ್ದೇ ಅಂದುಕೊಂಡೆವು. ಆಫೀಸಿನಲ್ಲೂ "ನನ್ನ ಮಷೀನಲ್ಲಿ ಸರಿಯಾಗೇ ಇದೆ" ಅಂತ ಹೇಳಿ ಎಷ್ಟು ಜನರ ಬಾಯಿ ಮುಚ್ಚಿಸಿದ್ದೇವೋ.

ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ಎಲ್ಲ ಹೇಳಿದೆ. ಡಯೋಡು, ಜಾಲ ಯಾವುದೂ ಅವರ ತಲೆಗೆ ಹೋಗಲಿಲ್ಲ. ಬಡಿಸ್ತಾ ಇದ್ದ ಸೌಟು ಹಿಡಿದೇ ನಿಂತು ಕೇಳಿದರು:

"ಹಾಗಾದ್ರೆ ಆಗ ಅವನು ಸುಳ್ಳು ಹೇಳ್ತಿರಲಿಲ್ವೇನೇ?"